ಮುಟ್ಟಿದರೆ ಮುನಿ ಅನ್ನುವ ಮುನ್ನ: ಸ್ಪರ್ಶ ಒಬ್ಬರಿಗೆ ಹಿತ, ಇನ್ನೊಬ್ಬರಿಗೆ ಕಿರಿಕಿರಿ, ಯಾಕೆ?

ಉಯ್ಯಾಲೆ

ಪಾಲಕರ ಗುಂಪುಗಳಲ್ಲಿ ಮತ್ತೆ ಮತ್ತೆ ಬರೋ ಪ್ರಶ್ನೆ ಇದು. ಮಗು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲ್ಲ, ಅಜ್ಜಿ ಮುತ್ತಿಟ್ಟರೆ ಕೆನ್ನೆ ಒರೆಸಿಕೊಳ್ಳುತ್ತೆ, ಅಂಗಿಯ ಕಾಲರಿನ ಚೀಟಿ ಕತ್ತರಿಸೋವರೆಗೂ ಬಿಡಲ್ಲ. ಅದೇ ಮಗು ಸೋಫಾದ ದಿಂಬುಗಳ ಅಡಿಗೆ ನುಗ್ಗಿ, ಮೇಲಿನಿಂದ ಯಾರಾದರೂ ಒತ್ತಿದರೆ ಕೇಕೆ ಹಾಕಿ ನಗುತ್ತೆ. ಇದು ಹಟವೋ, ಕಾಯಿಲೆಯೋ? ಸಿಗೋ ಉತ್ತರ ಎರಡೇ ಥರದ್ದು. "ಮುಟ್ಟಿದರೆ ಮುನಿ ಸ್ವಭಾವ, ದೊಡ್ಡದಾದ್ಮೇಲೆ ಸರಿಹೋಗುತ್ತೆ" ಅನ್ನೋದು ಒಂದು. "ನಾಳೆಯೇ ಆಟಿಸಂ ಪರೀಕ್ಷೆ ಮಾಡಿಸಿ" ಅನ್ನೋದು ಇನ್ನೊಂದು. ಎರಡೂ ಅವಸರದ್ದೇ.

ಮುಟ್ಟಿಸಿಕೊಳ್ಳೋದು ಇಷ್ಟವೋ ಇಲ್ಲವೋ ಅನ್ನೋದಕ್ಕೆ ಒಂದೇ ಸ್ವಿಚ್ ಇಲ್ಲ. ಎಷ್ಟು ವೇಗ, ಎಷ್ಟು ಒತ್ತಡ, ಮೈಯ ಯಾವ ಜಾಗ, ಯಾರ ಕೈ, ಕೈ ಬರೋದು ಮೊದಲೇ ಗೊತ್ತಿತ್ತೋ ಇಲ್ಲವೋ, "ಬೇಡ" ಅಂದರೆ ಅದು ನಿಲ್ಲುತ್ತೋ ಇಲ್ಲವೋ, ಪ್ರತಿಯೊಂದಕ್ಕೂ ಬೇರೆ ಬೇರೆ ತಿರುಪು. ಒಂದೊಂದನ್ನೇ ಬಿಚ್ಚಿ ನೋಡೋಣ. ದಯವಿಟ್ಟು ಸ್ವಂತ ಕಥೆ ಬೇಡ, ಕೆಲಸಕ್ಕೆ ಬರೋ ವಿವರ ಬರೀರಿ.

ಚರ್ಮದೊಳಗೆ

ವೇಗದಿಂದ ಶುರು ಮಾಡ್ತೀನಿ. ಚರ್ಮದಿಂದ ಮೆದುಳಿಗೆ ಸ್ಪರ್ಶದ ಸುದ್ದಿ ಒಯ್ಯೋ ನರತಂತುಗಳಲ್ಲಿ ಎರಡು ಬಗೆ ಇಲ್ಲಿ ಮುಖ್ಯ. ಎ-ಬೀಟಾ ತಂತುಗಳಿಗೆ ಮಯಲಿನ್ ಅನ್ನೋ ಕೊಬ್ಬಿನ ಹೊದಿಕೆ ಇದೆ, ಸೆಕೆಂಡಿಗೆ 35ರಿಂದ 75 ಮೀಟರ್ ಓಟ. ಏನು ತಾಕಿತು, ಎಲ್ಲಿ ತಾಕಿತು ಅಂತ ಹೇಳೋದು ಅವು. ಸಿ-ಟ್ಯಾಕ್ಟೈಲ್ ತಂತುಗಳಿಗೆ ಹೊದಿಕೆ ಇಲ್ಲ, ಸೆಕೆಂಡಿಗೆ ಹೆಚ್ಚೂಕಮ್ಮಿ 1 ಮೀಟರ್, ಎತ್ತಿನ ಗಾಡಿ ಲೆಕ್ಕ. ಎಲ್ಲಿ ಮುಟ್ಟಿದರು ಅನ್ನೋದನ್ನ ಅವು ಸರಿಯಾಗಿ ಹೇಳಲ್ಲ, ಹಿತವಾಗಿದೆಯಾ ಅನ್ನೋದಕ್ಕೆ ಸಂಬಂಧಪಟ್ಟ, ಮೆದುಳಿನ ಇನ್ಸುಲಾ ಅನ್ನೋ ಭಾಗಕ್ಕೆ ಸುದ್ದಿ ಮುಟ್ಟಿಸುತ್ತವೆ. ಬೆಕ್ಕಿನಲ್ಲಿ ಇಂಥ ತಂತುಗಳನ್ನ 1939ರಲ್ಲೇ ಗುರುತಿಸಿದ್ದರು. ಮನುಷ್ಯರಲ್ಲಿ ಗೊತ್ತಾಗಿದ್ದು ಸುಮಾರು ಅರ್ಧ ಶತಮಾನ ಕಳೆದ ಮೇಲೆ, ಸ್ವೀಡನ್ನಿನ ಪ್ರಯೋಗಾಲಯಗಳಲ್ಲಿ ನರದೊಳಗೇ ಸಣ್ಣ ಸೂಜಿ ಚುಚ್ಚಿ ಅಳೆದಾಗ.

2009ರಲ್ಲಿ ಸ್ವೀಡನ್ನಿನ ಗುಂಪೊಂದು ಯಂತ್ರಕ್ಕೆ ಮೆತ್ತನೆಯ ಬ್ರಷ್ ಕಟ್ಟಿ ಬೇರೆ ಬೇರೆ ವೇಗದಲ್ಲಿ ಮುಂಗೈ ಸವರಿತು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗಕ್ಕೆ ಈ ತಂತುಗಳು ಚೆನ್ನಾಗಿ ಮಿಡಿದವು. ಅದಕ್ಕಿಂತ ನಿಧಾನವಾದರೂ ಮಿಡಿತ ಇಳಿಯಿತು, ಜೋರಾದರೂ ಇಳಿಯಿತು. ಜನ "ಹಿತವಾಗಿದೆ" ಅಂದ ವೇಗವೂ ಅದೇ. ಸವರೋ ವಸ್ತು ಚರ್ಮದಷ್ಟೇ ಬೆಚ್ಚಗೆ, ಅಂದರೆ 32 ಡಿಗ್ರಿ ಆಸುಪಾಸಿದ್ದರೆ ಮಿಡಿತ ಇನ್ನೂ ಹೆಚ್ಚು. ಇದನ್ನ ಕೈಯ ಲೆಕ್ಕಕ್ಕೆ ತರೋಣ. ಮಣಿಕಟ್ಟಿನಿಂದ ಮೊಣಕೈಗೆ 24 ಸೆಂಟಿಮೀಟರ್ ಅಂದುಕೊಳ್ಳಿ. ಸೆಕೆಂಡಿಗೆ 3 ಸೆಂಟಿಮೀಟರಿನಂತೆ ಸವರಿದರೆ ಒಂದು ಸಲಕ್ಕೆ 8 ಸೆಕೆಂಡ್ ಹಿಡಿಯುತ್ತೆ. ನಾವು "ಸಮಾಧಾನ ಮಾಡೋದು" ಅಂತ ಬೆನ್ನ ಮೇಲೆ ಪಟಪಟ ಉಜ್ಜೋ ವೇಗ ಇದರ ಎಷ್ಟೋ ಪಟ್ಟು ಇರುತ್ತೆ. ತಣ್ಣಗಿನ ಕೈ, ಅವಸರದ ಉಜ್ಜಾಟ, ಆಮೇಲೆ ಮಗು ಕೊಸರಿಕೊಂಡಿತು ಅನ್ನೋ ದೂರು!

ಇನ್ನೊಂದು ಮಾತು: ಈ ತಂತುಗಳು ಹೆಚ್ಚಾಗಿರೋದು ಕೂದಲಿರೋ ಚರ್ಮದಲ್ಲಿ, ಅಂದರೆ ಮುಂಗೈ, ಬೆನ್ನು, ಮುಖ ಇಂಥ ಕಡೆ. ಅಂಗೈಯಲ್ಲಿ ತೀರಾ ವಿರಳ.

ಧಾರವಾಡ_ಪೇಢೆ

ಅಂದ್ರ ಅಜ್ಜಿಗೋಳು ತಲಿ ಸವರೋ ವೇಗಕ್ಕ ವಿಜ್ಞಾನ ಈಗ ಬಂದು ಮುಟ್ಟೇತಿ ಅನ್ರಿ. ಆದ್ರ ಬರೇ ವೇಗ ಸರಿ ಇದ್ರ ಸಾಕೇನು? ಬಸ್ಸಿನ್ಯಾಗ ಯಾವನರ ಸೆಕೆಂಡಿಗೆ 3 ಸೆಂಟಿಮೀಟರ್ ಲೆಕ್ಕ ಹಿಡದು ಕೈ ಸವರಿದ್ರ ಹಿತ ಅನಸ್ತದೇನು?

ಚರ್ಮದೊಳಗೆ

ಇಲ್ಲ, ಅದಕ್ಕೆ ನೇರ ಪುರಾವೆಯೇ ಇದೆ. 2012ರಲ್ಲಿ ಪ್ರಕಟವಾದ ಪ್ರಯೋಗ. ಗಂಡಸರನ್ನ ಮೆದುಳು ಸ್ಕ್ಯಾನರಿನಲ್ಲಿ ಮಲಗಿಸಿ ಕಾಲು ಸವರಿದರು. ಪ್ರತಿ ಸಲವೂ ಸವರಿದ್ದು ಹೆಂಗಸೇ. ತೋರಿಸಿದ ವಿಡಿಯೋದಲ್ಲಿ ಮಾತ್ರ ಒಮ್ಮೆ ಹೆಂಗಸು, ಒಮ್ಮೆ ಗಂಡಸು ಹತ್ತಿರ ಬರ್ತಿದ್ದರು. ಚರ್ಮಕ್ಕೆ ಬಿದ್ದ ಸ್ಪರ್ಶ ಒಂದೇ, ಆದರೆ "ಗಂಡಸು ಮುಟ್ಟಿದ" ಅಂದುಕೊಂಡಾಗ ಅಹಿತ. ಸ್ವಾರಸ್ಯ ಏನಂದ್ರೆ, ವ್ಯತ್ಯಾಸ ಬರೀ ಭಾವನೆಯ ಭಾಗಗಳಲ್ಲಿ ಇರಲಿಲ್ಲ. ಸ್ಪರ್ಶವನ್ನ "ಇದ್ದಹಾಗೆ" ಅಳೆಯುತ್ತೆ ಅಂತ ನಂಬಿದ್ದ ಮೊದಲ ಹಂತದ ಸ್ಪರ್ಶ ಕೇಂದ್ರದಲ್ಲೇ ಕಾಣಿಸಿತು.

ಯಾರು ಎಲ್ಲಿ ಮುಟ್ಟಬಹುದು ಅನ್ನೋದಕ್ಕೂ ನಕ್ಷೆ ಇದೆ. 2015ರಲ್ಲಿ ಫಿನ್‌ಲ್ಯಾಂಡ್, ಫ್ರಾನ್ಸ್, ಇಟಲಿ, ರಷ್ಯಾ, ಬ್ರಿಟನ್ನಿನ 1,368 ಜನರಿಗೆ ಮೈಯ ಚಿತ್ರ ಕೊಟ್ಟು, ಸಂಗಾತಿ, ಅಮ್ಮ, ಗೆಳೆಯ, ದೂರದ ನೆಂಟ, ಅಪರಿಚಿತ ಹೀಗೆ ಒಬ್ಬೊಬ್ಬರಿಗೂ ಎಲ್ಲೆಲ್ಲಿ ಮುಟ್ಟಲು ಬಿಡ್ತೀರಿ ಅಂತ ಬಣ್ಣ ತುಂಬಿಸಿದರು. ಅನುಮತಿ ಇರೋ ಜಾಗದ ಅಳತೆ ಭಾವನಾತ್ಮಕ ನಂಟಿನ ಜೊತೆ ಏರಿಳಿಯಿತು. ಎಷ್ಟು ದಿನಕ್ಕೊಮ್ಮೆ ಭೇಟಿಯಾಗ್ತಾರೆ ಅನ್ನೋದು ಲೆಕ್ಕಕ್ಕೆ ಬರಲಿಲ್ಲ. ದಿನಾ ಮುಖ ನೋಡೋ ಸಹೋದ್ಯೋಗಿ ಭುಜ ತಟ್ಟಿದರೆ ಮುಜುಗರ, ಮೂರು ವರ್ಷಕ್ಕೊಮ್ಮೆ ಸಿಗೋ ಗೆಳತಿ ತಬ್ಬಿದರೆ ಖುಷಿ, ಇದಕ್ಕೆ ಕಾರಣ ಅದೇ.

ಬಾಣಂತಿಕೋಣೆ

ಎಳೆಗೂಸಿನ ವಿಷಯಕ್ಕೆ ಬರ್ತೀನಿ, ಒತ್ತಡದ ತಿರುಪು ಇಲ್ಲೇ ಚೆನ್ನಾಗಿ ಕಾಣೋದು. ಕೂಸಿಗೆ ನೀರೆರೆಯೋ ಹೆಂಗಸು ಗಿಡ್ಡ ಮಣೆ ಮೇಲೆ ಕೂತು ಎರಡೂ ಕಾಲು ನೀಡ್ತಾಳೆ. ಕಾಲುಗಳ ನಡುವಿನ ತಗ್ಗಿನಲ್ಲಿ ಮಗು, ತಲೆ ಅವಳ ಪಾದದ ಕಡೆಗೆ. ಎರಡೂ ಪಕ್ಕದಿಂದ ಆಸರೆ, ಕೆಳಗೆ ಬೆಚ್ಚಗಿನ ಕಾಲು, ಮೇಲಿಂದ ಇಡೀ ಅಂಗೈ. ತುದಿಬೆರಳಿನಲ್ಲಿ ಸೋಕಿಸೋದಿಲ್ಲ, ಅಂಗೈ ಊರಿ ಎಳೀತಾಳೆ. ಇಷ್ಟೂ ಸರಿಯಾದದ್ದೇ. ಅಮೆರಿಕದ ಮಯಾಮಿಯಲ್ಲಿ ಟಿಫನಿ ಫೀಲ್ಡ್ ತಂಡ 1986ರಲ್ಲಿ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ದಿನಕ್ಕೆ 3 ಸಲ, 15 ನಿಮಿಷದಂತೆ, 10 ದಿನ ಮೈ ನೀವಿ ಕೈಕಾಲು ಆಡಿಸಿತು. ಆ ಕೂಸುಗಳ ದಿನದ ತೂಕ ಏರಿಕೆ ಉಳಿದವಕ್ಕಿಂತ 47% ಹೆಚ್ಚು. ಮುಂದೆ ಅದೇ ತಂಡ ತೋರಿಸಿದ್ದು, ಹಗುರ ಸವರುವಿಕೆಯಿಂದ ಈ ಲಾಭ ಇಲ್ಲ, ಮಧ್ಯಮ ಒತ್ತಡ ಬೇಕು ಅಂತ. ಗರಿಯಂಥ ಸ್ಪರ್ಶ ಕೂಸಿಗೆ ಕಚಗುಳಿಯಂತೆ ಕಿರಿಕಿರಿ.

ಈಗ ತಪ್ಪೋ ಜಾಗಗಳು. ಮೂಗು, ಕಿವಿಗೆ ಎಣ್ಣೆ ಬಿಡೋದು: ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯಾ ಆಗುತ್ತೆ. ಹುಟ್ಟಿದ ಕೂಸಿನ ಎದೆ ಉಬ್ಬಿದ್ದರೆ "ಹಾಲು ಹಿಂಡೋದು": ಅದು ತಾಯಿಯ ಹಾರ್ಮೋನಿನಿಂದ ಬಂದ ಊತ, ತಾನೇ ಇಳಿಯುತ್ತೆ, ಹಿಂಡಿದರೆ ಕೀವು ಕಟ್ಟಬಹುದು. ಮೂಗು ನೀಳವಾಗಲಿ ಅಂತ ಒತ್ತೋದು, ಕಡಲೆಹಿಟ್ಟಿನಲ್ಲಿ ರೋಮ ತೆಗೆಯೋ ಹಾಗೆ ತಿಕ್ಕೋದು, ಸೊಂಟದ ಕೀಲು ಚಟ್ಟನೆ ಎಳೆಯೋದು, ಇವೆಲ್ಲ ಬಿಡಬೇಕು. ನೀರಿನ ಬಿಸಿ 37-38 ಡಿಗ್ರಿ ದಾಟಬಾರದು, ಅಂಗೈಯಲ್ಲಿ ನೋಡಿದರೆ ಮೋಸ ಹೋಗ್ತೀರಿ, ಮೊಣಕೈ ಅದ್ದಿ ನೋಡಿ. ಎಣ್ಣೆ ಯಾವುದು ಅಂತ ಕೇಳೋರಿಗೆ: ಕೊಬ್ಬರಿ ಎಣ್ಣೆ ಸಾಕು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಎರಡೂ ಚರ್ಮದ ತಡೆಪದರಕ್ಕೆ ಒಳ್ಳೆಯವಲ್ಲ.

ತೀರಾ ಮುಂಚೆ ಹುಟ್ಟಿದ ಕೂಸಿಗೆ ಸವರುವಿಕೆಯೇ ಬೇಡ. ಒಂದು ಕೈ ತಲೆಯ ಸುತ್ತ ಬಟ್ಟಲಿನಂತೆ, ಇನ್ನೊಂದು ಕೈ ಮಡಚಿದ ಪಾದಗಳ ಮೇಲೆ, ಅಲ್ಲಾಡಿಸದೆ ಹಿಡಿದಿರಿ. ಬೆರಳು ಬೀಸಣಿಗೆಯಂತೆ ಅಗಲ ಮಾಡೋದು, ಬಿಕ್ಕಳಿಕೆ, ಪದೇಪದೇ ಆಕಳಿಕೆ, ಬೆನ್ನು ಬಿಲ್ಲಾಗೋದು, ಮೈಬಣ್ಣ ಬದಲಾಗೋದು ಕಂಡರೆ ಅದು "ಸಾಕು" ಅಂತ ಅರ್ಥ. ಕೂಸಿಗೆ ಬಾಯಿಲ್ಲ ಅಂತ ಯಾರು ಹೇಳಿದ್ದು?

ಕುಡಿಮಿಂಚು

ಕಾಂಗರೂ ಆರೈಕೆ ಬಗ್ಗೆ ಬರೆದೇ ಇಲ್ಲ ನೀವು.

ಬಾಣಂತಿಕೋಣೆ

ಬರೀತೀನಿ. ಕಡಿಮೆ ತೂಕದ ಕೂಸನ್ನ ಬರಿಮೈಗೆ ಬರಿಮೈ ತಾಗಿಸಿ ಎದೆಗಪ್ಪಿ ಬೆಚ್ಚಗಿಡೋ ಪದ್ಧತಿ ಇದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಎಡ್ಗರ್ ರೇ ಅನ್ನೋ ವೈದ್ಯರು ಶುರು ಮಾಡಿದ್ದು, ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯಲ್ಲಿ. ಮಗುವಿಗೆ ಡಯಾಪರ್, ಟೋಪಿ, ಕಾಲುಚೀಲ ಮಾತ್ರ. ತಾಯಿಯ ಎರಡು ಮೊಲೆಗಳ ನಡುವೆ ನೆಟ್ಟಗೆ, ಎದೆಗೆ ಎದೆ ತಾಗಿಸಿ ಇಡಬೇಕು. ತಲೆ ಒಂದು ಪಕ್ಕಕ್ಕೆ, ಕತ್ತು ಚೂರು ಮೇಲಕ್ಕೆ, ಕಾಲುಗಳು ಕಪ್ಪೆಯಂತೆ ಮಡಚಿರಬೇಕು. ಸುತ್ತೋ ಬಟ್ಟೆಯ ಮೇಲಂಚು ಮಗುವಿನ ಕಿವಿಯ ಕೆಳಗೆ ಬರಲಿ. ಎದೆ ಭಾಗದಲ್ಲಿ ಬಿಗಿ ಇರಲಿ, ಹೊಟ್ಟೆ ಮೇಲೆ ಬೇಡ, ಉಸಿರಾಟಕ್ಕೆ ಹೊಟ್ಟೆ ಆಡಬೇಕು. ಕತ್ತು ಎದೆಗೆ ಮಡಚಿಕೊಂಡರೆ ಉಸಿರುದಾರಿ ಮುಚ್ಚುತ್ತೆ, ಎಲ್ಲಕ್ಕಿಂತ ದೊಡ್ಡ ತಪ್ಪು ಅದೇ. ಒಂದು ಸಲಕ್ಕೆ ಕನಿಷ್ಠ 1 ಗಂಟೆ. ಹತ್ತು ನಿಮಿಷಕ್ಕೇ ತೆಗೆದು ಮಲಗಿಸೋದು, ಮತ್ತೆ ಎತ್ತೋದು ಮಗುವಿಗೆ ಬರೀ ತೊಂದರೆ. ದಿನಕ್ಕೆ 8ರಿಂದ 24 ಗಂಟೆ ಗುರಿ. ಭಾರತವೂ ಸೇರಿ ಐದು ದೇಶಗಳ ದೊಡ್ಡ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು: ಮಗುವಿನ ಸ್ಥಿತಿ ಸುಧಾರಿಸೋವರೆಗೆ ಕಾಯೋದರ ಬದಲು ಹುಟ್ಟಿದ ಕೂಡಲೇ ಶುರು ಮಾಡಿದಾಗ ಮೊದಲ 28 ದಿನಗಳ ಸಾವು 25% ಕಡಿಮೆ. ನಮ್ಮಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಗಳಿಂದ ಮನೆಯವರೆಗೂ ಇದನ್ನ ನಡೆಸಿ ನೋಡಿದ ಕೆಲಸ ಆಗಿದೆ. ಅಪ್ಪ, ಅಜ್ಜಿ ಯಾರು ಬೇಕಾದರೂ ಮಾಡಬಹುದು, ಎದೆ ಮೇಲೆ ಕೂದಲಿದ್ದರೆ ಅಡ್ಡಿಯಿಲ್ಲ. ಇದನ್ನೂ ಕೇಳೋರಿದ್ದಾರೆ, ಅದಕ್ಕೇ ಬರೆದೆ.

ಫಾರ್ವರ್ಡ್_ಬೇಡ

ಯಾರಾದರೂ "ದಿನಕ್ಕೆ 4 ಅಪ್ಪುಗೆ ಬದುಕೋಕೆ, 8 ನೆಮ್ಮದಿಗೆ, 12 ಬೆಳವಣಿಗೆಗೆ" ಅಂತ ಹಾಕೋ ಮುಂಚೆ ಹೇಳಿಬಿಡ್ತೀನಿ. ಅದು ಎಣಿಸಿ ನೋಡಿದ ಫಲಿತಾಂಶ ಅಲ್ಲ, ಮಾತಿನ ಚಮತ್ಕಾರ. "20 ಸೆಕೆಂಡ್ ತಬ್ಬಿದರೆ ಬಿಪಿ ಇಳಿಯುತ್ತೆ" ಅನ್ನೋದರ ಹಿಂದೆ 2003ರ ಒಂದು ಅಧ್ಯಯನ ಇದೆ, ಆದರೆ ಅಲ್ಲಿ ದಂಪತಿಗಳು ಅದಕ್ಕೂ ಮುಂಚೆ 10 ನಿಮಿಷ ಕೈ ಹಿಡಿದು ಕೂತಿದ್ದರು. ಆ ಭಾಗ ಫಾರ್ವರ್ಡಿನಲ್ಲಿ ಉದುರಿಹೋಗಿದೆ. ಲಂಡನ್ನಿನಲ್ಲಿ 2021ರಲ್ಲಿ ಅಪ್ಪುಗೆಯ ಹೊತ್ತು ಅಳೆದು ನೋಡಿದರು: 1 ಸೆಕೆಂಡಿನದ್ದು ಕಡಿಮೆ ಹಿತ, 5 ಮತ್ತು 10 ಸೆಕೆಂಡಿನದ್ದು ಹೆಚ್ಚು. 2024ರ ದೊಡ್ಡ ವಿಶ್ಲೇಷಣೆ, 137 ಅಧ್ಯಯನಗಳು, ಸುಮಾರು 13,000 ಜನ. ಅದು ಹೇಳಿದ್ದು, ಒಂದೇ ಸಲ ತುಂಬಾ ಹೊತ್ತು ಮುಟ್ಟೋದಕ್ಕಿಂತ ಹೆಚ್ಚು ಸಲ ಮುಟ್ಟೋದರಿಂದ ಲಾಭ ಅಂತ. ನವಜಾತ ಶಿಶುಗಳಿಗೆ ಮಾತ್ರ ಯಾರ ಕೈ ಅನ್ನೋದು ಮುಖ್ಯವಾಯ್ತು, ಅಪ್ಪ ಅಮ್ಮನ ಕೈ ಆಸ್ಪತ್ರೆಯವರ ಕೈಗಿಂತ ಮೇಲು.

ಹಾಗೇ ಸಿಡ್ನಿ ಜುರಾರ್ಡ್ ಅನ್ನೋ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಕೆಫೆಗಳಲ್ಲಿ ಕೂತು ಎಣಿಸಿದ ಲೆಕ್ಕ: ಗಂಟೆಗೆ ಸ್ಯಾನ್ ಹುವಾನ್‌ನಲ್ಲಿ 180 ಸ್ಪರ್ಶ, ಪ್ಯಾರಿಸ್‌ನಲ್ಲಿ 110, ಫ್ಲೋರಿಡಾದ ಗೇನ್ಸ್‌ವಿಲ್‌ನಲ್ಲಿ 2, ಲಂಡನ್‌ನಲ್ಲಿ ಸೊನ್ನೆ. ಓದೋಕೆ ಮಜವಾಗಿದೆ, ಆದರೆ ಒಂದು ಮೇಜು ನೋಡಿ ಇಡೀ ದೇಶದ ಸ್ವಭಾವ ಬರೆಯೋಕಾಗಲ್ಲ. ಜನ ಒಬ್ಬರಿಂದೊಬ್ಬರು ಎಷ್ಟು ದೂರ ನಿಲ್ತಾರೆ ಅಂತ ಅಳೆಯೋಕೆ 2017ರ 42 ದೇಶಗಳ ಅಧ್ಯಯನ ಇದಕ್ಕಿಂತ ಗಟ್ಟಿ, 8,943 ಜನ. ಅಪರಿಚಿತರ ಜೊತೆಗಿನ ಅಂತರ ಬೆಚ್ಚಗಿನ ಹವೆಯ ದೇಶಗಳಲ್ಲಿ ಕಡಿಮೆ ಕಂಡಿತು.

ಸಾಲುಮರದಡಿ

ಹವೆ, ನರ ಎಲ್ಲ ಸರಿ. ಕನ್ನಡದಲ್ಲಿ ಸ್ಪರ್ಶದ ಚರ್ಚೆ ಮಾಡ್ತಾ ಜಾತಿ ಬಿಟ್ಟರೆ ಅರ್ಧವನ್ನ ಬಿಟ್ಟಂಗೆ. ಭಾಷೆಯನ್ನೇ ನೋಡಿ. ತಾಕು, ಸೋಕು, ತಟ್ಟು, ಸವರು, ನೇವರಿಸು, ತಡವು, ಹಿಸುಕು, ಚಿವುಟು, ಅಪ್ಪು, ತಬ್ಬು, ಒಂದೊಂದಕ್ಕೂ ಬೇರೆ ಒತ್ತಡ, ಬೇರೆ ವೇಗ. ಎಲ್ಲಕ್ಕೂ ಹಿರಿಯದಾದ "ಮುಟ್ಟು" ಅನ್ನೋ ಮಾತು ಮಾತ್ರ ತಿಂಗಳ ಸ್ರಾವಕ್ಕೂ ಹೆಸರಾಯಿತು. ಮುಟ್ಟಾದವಳನ್ನ ಮುಟ್ಟಬಾರದು! ಜೊತೆಗೆ ಸೋಂಕು ಅಂದರೆ ಕಾಯಿಲೆ. ಸ್ಪರ್ಶದ ಮಾತಿನೊಳಗೇ ಅಂಜಿಕೆ ಕೂತಿದೆ.

ಮಡಿಯ ಮನೆಗಳಲ್ಲಿ ಈ ಅಂಜಿಕೆಗೆ ಬಹಳ ನಾಜೂಕಾದ ಕಾನೂನು. ಹತ್ತಿ ಬಟ್ಟೆ ಮೈಲಿಗೆ ಒಯ್ಯುತ್ತೆ, ರೇಷ್ಮೆಯ ಮಗುಟ ಮತ್ತು ಉಣ್ಣೆಯ ಧಾಬಳಿ ಒಯ್ಯಲ್ಲ. ಹಾಗಾಗಿ ಮಡಿಯಲ್ಲಿರೋ ಅಜ್ಜಿ ಮೊಮ್ಮಗುವನ್ನ ಎತ್ತಿಕೊಳ್ಳಬೇಕಂದ್ರೆ ಮಗುವಿನ ಬಟ್ಟೆ ಕಳಚಿದರೆ ಆಯ್ತು, ಬರಿಮೈ ಕೂಸಿಗೆ ಮೈಲಿಗೆ ಇಲ್ಲ. ಎರಡು ಮೂರು ವರ್ಷದ ಮಗು ಕಲಿಯೋ ಪಾಠ ಏನು? ಒಂದೇ ತೊಡೆ ಬೆಳಿಗ್ಗೆ 11ಕ್ಕೆ ನಿಷೇಧ, ಸಂಜೆ 4ಕ್ಕೆ ಸಲ್ಲುತ್ತೆ. ಮುಟ್ಟುವ ಮುಂಚೆ ದೊಡ್ಡವರ ಮುಖ ನೋಡೋ ಅಭ್ಯಾಸ ಅಲ್ಲೇ ಹುಟ್ಟೋದು.

ಅಸ್ಪೃಶ್ಯತೆಯಲ್ಲಿ ಇದು ನಾಜೂಕಲ್ಲ, ಕ್ರೌರ್ಯ. ಸಂವಿಧಾನದ 17ನೇ ವಿಧಿ ಅದನ್ನ ರದ್ದು ಮಾಡಿತು, 1955ರ ಕಾಯ್ದೆ ಶಿಕ್ಷೆ ಇಟ್ಟಿತು, 1989ರ ಕಾಯ್ದೆ ಬಿಗಿ ಮಾಡಿತು. ಆದರೂ ಬೊಗಸೆಗೆ ಮೇಲಿಂದ ನೀರು ಹುಯ್ಯೋದು, ಚಿಲ್ಲರೆಯನ್ನ ಕೈಗೆ ಕೊಡದೆ ಹಲಗೆ ಮೇಲೆ ಎಸೆಯೋದು, ಹೋಟೆಲಿನಲ್ಲಿ ಬೇರೆ ಲೋಟ, ಕ್ಷೌರಕ್ಕೆ ಒಪ್ಪದಿರೋದು, ಈ ಸುದ್ದಿಗಳು ನಮ್ಮ ಜಿಲ್ಲೆಗಳಿಂದ ಬರೋದು ನಿಂತಿಲ್ಲ. ಮೈ ಇದನ್ನ ಎರಡೂ ಕಡೆ ಕಲಿಯುತ್ತೆ. ಒಬ್ಬನ ಕೈ ತಾನಾಗಿ ಹಿಂದೆ ಸರಿಯುತ್ತೆ, ಇನ್ನೊಬ್ಬನ ಭುಜ ತಾನಾಗಿ ಕುಗ್ಗುತ್ತೆ. ಅದನ್ನ "ಅವರು ಸ್ವಲ್ಪ ಸಂಕೋಚದ ಜನ" ಅಂತ ಓದೋದು ದೊಡ್ಡ ತಪ್ಪು.

ಕುಡಿಮಿಂಚು

ಇದೆಲ್ಲ ಹಳೇ ಕಾಲದ್ದಲ್ವಾ? ಈಗ ಬೆಂಗಳೂರಿನ ಆಫೀಸಿನಲ್ಲಿ ಯಾರು ಮಡಿ ನೋಡ್ತಾರೆ.

ಸಾಲುಮರದಡಿ

ಆಫೀಸಿನಲ್ಲಿ ಕೈ ಕುಲುಕ್ತಾರೆ. ಮನೆಕೆಲಸದವರ ಲೋಟ ಎಲ್ಲಿ ಇಟ್ಟಿದೆ ಅಂತ ಅದೇ ಜನರ ಅಡುಗೆಮನೆಯಲ್ಲಿ ನೋಡಿ. ಇನ್ನು ಚಿತ್ರದುರ್ಗ, ತುಮಕೂರು ಕಡೆ ಕಾಡುಗೊಳ್ಳರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು, ಬಾಣಂತಿಯರು ಹಟ್ಟಿಯ ಹೊರಗೆ ಇರೋ ಪದ್ಧತಿಗಾಗಿ ಸರ್ಕಾರವೇ ಕೃಷ್ಣ ಕುಟೀರ ಅಂತ ಕಟ್ಟಡ ಕಟ್ಟಿಸಿದೆ. ಬಾಣಂತಿಕೋಣೆಯವರು ಮೇಲೆ ಬರೆದ 8 ಗಂಟೆ ಎದೆಗಪ್ಪುವ ಆರೈಕೆಗೆ ಅಪ್ಪ, ಅಜ್ಜಿ ಕೈಜೋಡಿಸಬೇಕಂದ್ರೆ ಮೊದಲು ದಾಟಬೇಕಾದ ಹೊಸ್ತಿಲು ಇದು.

ಆದರೆ ಇದೇ ನಾಡಿನಲ್ಲಿ ಇನ್ನೊಂದು ದಾರಾಳತನವೂ ಇದೆ. ಇಬ್ಬರು ಗಂಡಸರು ಕಿರುಬೆರಳು ಹೆಣೆದುಕೊಂಡು ಸಂತೆ ಸುತ್ತಬಹುದು, ಯಾರೂ ತಿರುಗಿ ನೋಡಲ್ಲ. ಗಂಡ ಹೆಂಡತಿ ಹಾಗೆ ನಡೆದರೆ ನೋಡ್ತಾರೆ. ಪಶ್ಚಿಮದ ಹಲವು ಊರುಗಳಲ್ಲಿ ತಿರುಗುಮುರುಗು. ಹಾಗಾಗಿ "ಭಾರತೀಯರು ಕಡಿಮೆ ಮುಟ್ಟೋರು" ಅನ್ನೋ ಮಾತಿಗೆ ಅರ್ಥವಿಲ್ಲ. ಯಾರ ನಡುವೆ, ಯಾರ ಎದುರಿಗೆ ಅನ್ನೋದನ್ನ ಸೇರಿಸಿ ಕೇಳಬೇಕು.

ಉಯ್ಯಾಲೆ

ಮೊದಲ ಪ್ರಶ್ನೆಯ ಮಗುವಿಗೆ ವಾಪಸ್ ಬರ್ತೀನಿ. ಹಗುರ ಸ್ಪರ್ಶ ತಡೆಯಲ್ಲ, ಗಟ್ಟಿ ಒತ್ತಡ ಬೇಕು. ಇದನ್ನ ಸ್ಪರ್ಶದ ಅತಿಸೂಕ್ಷ್ಮತೆ ಅಂತಾರೆ. ಜೀನ್ ಏರ್ಸ್ ಅನ್ನೋ ಆಕ್ಯುಪೇಷನಲ್ ಥೆರಪಿಸ್ಟ್ 1960ರ ದಶಕದಲ್ಲೇ ವಿವರಿಸಿದ್ದು. ಆಟಿಸಂ ಇರೋ ಮಕ್ಕಳಲ್ಲಿ ಹೆಚ್ಚು. ಮಾನಸಿಕ ತೊಂದರೆಗಳನ್ನ ಗುರುತಿಸೋಕೆ ವೈದ್ಯರು ಬಳಸೋ ಅಮೆರಿಕದ ಕೈಪಿಡಿ, 2013ರ ಡಿಎಸ್ಎಂ-5, ಅದನ್ನ ಆಟಿಸಂ ಲಕ್ಷಣಗಳ ಪಟ್ಟಿಗೂ ಸೇರಿಸಿತು. ಆದರೆ ಇದೊಂದೇ ಇದ್ದರೆ ಆಟಿಸಂ ಅಲ್ಲ. ಮಾತು, ಕಣ್ಣೋಟ, ಆಟದಲ್ಲಿ ಸೇರಿಕೊಳ್ಳೋದು ಇವನ್ನೂ ನೋಡಿಯೇ ತೀರ್ಮಾನ.

ದಿನನಿತ್ಯಕ್ಕೆ ಬೇಕಾದ್ದು: ಎಣ್ಣೆಯನ್ನ ತುದಿಬೆರಳಿನಲ್ಲಿ ಚಿಮುಕಿಸಬೇಡಿ, ಅಂಗೈಗೆ ಹಾಕಿ ಬೆಚ್ಚಗೆ ಮಾಡಿ ನಡುನೆತ್ತಿಗೆ ಊರಿ ಹಿಡೀರಿ, ಆಮೇಲೆ ಸರಿಸಿ. ಬಾಚೋವಾಗ ಕೂದಲಿನ ಬುಡವನ್ನ ಒಂದು ಕೈಯಲ್ಲಿ ಗಟ್ಟಿ ಹಿಡಿದು ತುದಿಯಿಂದ ಸಿಕ್ಕು ಬಿಡಿಸ್ತಾ ಬನ್ನಿ. ಉಗುರನ್ನ ಸ್ನಾನದ ನಂತರ ತೆಗೀರಿ, ಮೆತ್ತಗಿರುತ್ತೆ. ಹೊಸ ಬಟ್ಟೆಯನ್ನ ಎರಡು ಮೂರು ಸಲ ಒಗೆದು ಹಾಕಿ, ಹೊಲಿಗೆ ಉಬ್ಬಿದ್ದರೆ ಒಳ ಅಂಗಿಯನ್ನ ಒಳಹೊರಗೆ ಮಾಡಿ ತೊಡಿಸಿ, ಯಾರೂ ನೋಡಲ್ಲ.

ಭಾರದ ಹೊದಿಕೆ ಕೊಳ್ಳೋರು ಗಮನಿಸಿ. ರೂಢಿಯ ಲೆಕ್ಕ ಮೈತೂಕದ 10%, ಅಂದರೆ 20 ಕಿಲೋ ಮಗುವಿಗೆ 2 ಕಿಲೋ. ತಾನೇ ತೆಗೆದುಹಾಕೋಕೆ ಬಾರದ ಮಗುವಿಗೆ, ಕೂಸುಗಳಿಗೆ ಯಾವ ಕಾರಣಕ್ಕೂ ಬೇಡ, ಉಸಿರುಗಟ್ಟುತ್ತೆ. 2014ರ ಪ್ರಯೋಗದಲ್ಲಿ ಆಟಿಸಂ ಇರೋ ಮಕ್ಕಳ ನಿದ್ದೆಯ ಅಳತೆಯಲ್ಲಿ ಏನೂ ಸುಧಾರಣೆ ಕಾಣಲಿಲ್ಲ, ಮಕ್ಕಳಿಗೂ ಹೆತ್ತವರಿಗೂ ಹೊದಿಕೆ ಇಷ್ಟವಾಯಿತು ಅಷ್ಟೇ. ಇಷ್ಟವಾದರೆ ಬಳಸಿ, ಚಿಕಿತ್ಸೆ ಅಂತ ಹಣ ಸುರೀಬೇಡಿ. ಎರಡು ಗಂಟೆಗೊಮ್ಮೆ ಬ್ರಷ್ಷಿನಿಂದ ಮೈ ಉಜ್ಜೋ ಪದ್ಧತಿಗೂ ಗಟ್ಟಿ ಪುರಾವೆ ಇಲ್ಲ.

ಕತ್ತರಿ_ಬಾಚಣಿಗೆ

ಕ್ಷೌರದಂಗಡಿಯಲ್ಲಿ ಕಿರುಚೋ ಮಕ್ಕಳ ಬಗ್ಗೆ. ತಪ್ಪು ಎಲ್ಲಿ ಆಗುತ್ತೆ ಅಂದ್ರೆ, ಮೊದಲ ಸೆಕೆಂಡಿನಲ್ಲೇ. ಹಿಂದಿನಿಂದ ಬಂದು ನೈಲಾನ್ ಬಟ್ಟೆ ಕತ್ತಿಗೆ ಬಿಗಿದು, ತಣ್ಣೀರು ಚಿಮ್ಮಿಸಿ, ಕಿವಿ ಹತ್ತಿರ ಟ್ರಿಮ್ಮರ್ ಆನ್ ಮಾಡಿದರೆ, ನಾಲ್ಕು ಕಿರಿಕಿರಿ ಒಟ್ಟಿಗೆ, ಒಂದೂ ಮುಂಚೆ ಹೇಳಿದ್ದಲ್ಲ. ಹೀಗೆ ಮಾಡಿ: ಮನೆಯಿಂದ ತಂದ ಹತ್ತಿ ಟವೆಲನ್ನ ಮೊದಲು ಕತ್ತಿನ ಸುತ್ತ ಸ್ವಲ್ಪ ಬಿಗಿಯಾಗೇ ಸುತ್ತಿ, ಅದರ ಮೇಲೆ ನೈಲಾನ್. ಸ್ಪ್ರೇ ಬೇಡ, ಬೆಚ್ಚಗಿನ ಒದ್ದೆ ಬಟ್ಟೆಯಿಂದ ಕೂದಲು ಒತ್ತಿ ನೆನೆಸಿ. ಟ್ರಿಮ್ಮರನ್ನ ಆಫ್ ಇದ್ದಾಗ ಮಗುವಿನ ಕೈಗೆ ಕೊಡಿ, ಆಮೇಲೆ ದೂರದಲ್ಲಿ ಆನ್, ಆಮೇಲೆ ಅಂಗೈ ಮೇಲೆ. ಇಷ್ಟಾದ ಮೇಲೂ ಬೇಡ ಅಂದರೆ ಕತ್ತರಿಯಲ್ಲೇ ಮುಗಿಸಿ. ತಲೆ ತಿರುಗಿಸೋಕೆ ಎರಡು ಬೆರಳಲ್ಲಿ ಗದ್ದ ದೂಡಬೇಡಿ, ಅಂಗೈಯನ್ನ ನೆತ್ತಿಗೆ ಊರಿ. ಗಟ್ಟಿಯಾಗಿ ಹತ್ತರವರೆಗೆ ಎಣಿಸಿ, ಹತ್ತಕ್ಕೆ ಕತ್ತರಿ ಕೆಳಗೆ ಇಡಿ, ಮತ್ತೆ ಹತ್ತು. ಹತ್ತು ಅಂತ ಹೇಳಿ ಹದಿನೈದು ಮಾಡಿದರೆ ಆ ಮಗು ನಿಮ್ಮನ್ನ ಮುಂದಿನ ವರ್ಷವೂ ನಂಬಲ್ಲ. ಹಿಂಗತ್ತು ಕೊನೆಗೆ ಇಟ್ಕೊಳ್ಳಿ, ಎಲ್ಲಕ್ಕಿಂತ ಕಚಗುಳಿ ಆ ಜಾಗ. ಮುಗಿದ ಕೂಡಲೇ ಅಂಗಿ ಬದಲಾಯಿಸಿ, ಮನೆಗೆ ಹೋಗಿ ಸ್ನಾನ ಮಾಡಿಸ್ತೀವಿ ಅಂತ ಬಿಡಬೇಡಿ, ಒಳಗೆ ಬಿದ್ದ ಕೂದಲು ದಾರಿಯುದ್ದಕ್ಕೂ ಚುಚ್ಚುತ್ತೆ.

ಚರ್ಮದೊಳಗೆ

ಹತ್ತರವರೆಗೆ ಎಣಿಸೋದು ಯಾಕೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಕಚಗುಳಿಯೇ ಸಾಕ್ಷಿ. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳೋಕೆ ಆಗಲ್ಲ. ನಮ್ಮ ಕೈಯ ಚಲನೆಯನ್ನ ಕಿರುಮೆದುಳು ಮುಂಚೆಯೇ ಊಹಿಸಿ ಸಂವೇದನೆಯನ್ನ ತಗ್ಗಿಸಿರುತ್ತೆ ಅಂತ ಲಂಡನ್ನಿನ ತಂಡ 1998ರಲ್ಲಿ ತೋರಿಸಿತು. ಊಹೆಗೆ ಸಿಕ್ಕ ಸ್ಪರ್ಶದ ಮೊನೆ ಮೊಂಡಾಗುತ್ತೆ.

ಜೊತೆಗೆ ಒಂದು ಎಚ್ಚರಿಕೆ. ಮೊದಲು ಆರಾಮಾಗಿದ್ದವರಿಗೆ ದೊಡ್ಡವರಾದ ಮೇಲೆ ಇದ್ದಕ್ಕಿದ್ದಂತೆ ಹಗುರ ಸ್ಪರ್ಶವೇ ನೋವಾದರೆ ಅದು ಸ್ವಭಾವ ಅಲ್ಲ, ನರದ ತೊಂದರೆ. ಸರ್ಪಸುತ್ತು ವಾಸಿಯಾಗಿ 3 ತಿಂಗಳಾದರೂ ಪಂಚೆ ಸೋಕಿದರೆ ಉರಿ, ಸಕ್ಕರೆ ಕಾಯಿಲೆಯಲ್ಲಿ ಹೊದಿಕೆ ಪಾದಕ್ಕೆ ತಾಗಿದರೆ ಚುಚ್ಚು, ಮೈಗ್ರೇನ್ ಹೊತ್ತಿನಲ್ಲಿ ಬಾಚಣಿಗೆ ತಡೆಯಲ್ಲ, ಇವಕ್ಕೆ ವೈದ್ಯರಲ್ಲಿ ಮದ್ದಿದೆ. "ಮುದುಕರು ಸಿಡುಕ್ತಾರೆ" ಅಂತ ಬಿಡಬೇಡಿ.

ಬಿಳಿಕೋಲು

ಕಣ್ಣು ಕಾಣದವರನ್ನ ರಸ್ತೆ ದಾಟಿಸೋ ಉಪಕಾರಿಗಳಿಗೆ. ತೋಳು ಹಿಡಿದು ಎಳೀಬೇಡಿ, ಕೋಲನ್ನಂತೂ ಮುಟ್ಟಲೇಬೇಡಿ. ಪಕ್ಕಕ್ಕೆ ಬಂದು ಮಾತಾಡಿ, "ಜೊತೆ ಬರ್ಲಾ?" ಅಂತ ಕೇಳಿ, ಹೂಂ ಅಂದರೆ ನಿಮ್ಮ ಮುಂಗೈಯ ಹಿಂಬದಿಯನ್ನ ಅವರ ಕೈಗೆ ತಾಗಿಸಿ. ಅವರೇ ನಿಮ್ಮ ಮೊಣಕೈಯ ಮೇಲ್ಭಾಗ ಹಿಡ್ಕೊಳ್ತಾರೆ. ನೀವು ಅರ್ಧ ಹೆಜ್ಜೆ ಮುಂದೆ. ನಿಮ್ಮ ಮೈ ಇಳಿದದ್ದು, ಏರಿದ್ದು, ತಿರುಗಿದ್ದು ಅವರಿಗೆ ತೋಳಿನಿಂದಲೇ ಗೊತ್ತಾಗುತ್ತೆ. ನೀವು ಅವರನ್ನ ಹಿಡಿದರೆ ಅವರು ಮುಂದೆ, ನೀವು ಹಿಂದೆ, ಮೆಟ್ಟಿಲು ಮೊದಲು ಸಿಗೋದು ಅವರಿಗೆ. ಗಾಲಿಕುರ್ಚಿಯೂ ಅಷ್ಟೇ, ಅದು ಅವರ ಮೈಯ ಭಾಗ ಅಂದ್ಕೊಳ್ಳಿ.

ಶಾಲೆಗಂಟೆ

"ಬೇಡ ಅಂದರೆ ನಿಲ್ಲಬೇಕು" ಅನ್ನೋ ತಿರುಪಿನ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಶಾಲೆಗಳಲ್ಲಿ "ಗುಡ್ ಟಚ್, ಬ್ಯಾಡ್ ಟಚ್" ಹೇಳಿಕೊಡ್ತಾರೆ. ಆ ಮಾತಿನಲ್ಲೇ ಒಂದು ಬಿರುಕಿದೆ. ಮಗುವಿಗೆ ಕೆಟ್ಟದ್ದು ಅಂದರೆ ನೋವಾಗೋದು, ಒಳ್ಳೆಯದು ಅಂದರೆ ಹಿತವಾಗೋದು. ಇಂಜೆಕ್ಷನ್ ನೋವಾಗುತ್ತೆ, ಅದು ಸುರಕ್ಷಿತ. ಮಗುವನ್ನ ಬಳಸಿಕೊಳ್ಳೋ ಮನುಷ್ಯ ಸಾಮಾನ್ಯವಾಗಿ ಮುದ್ದಿನಿಂದ, ಚಾಕಲೇಟಿನಿಂದ ಶುರು ಮಾಡ್ತಾನೆ, ಅದು ಮಗುವಿಗೆ ಕೆಟ್ಟದ್ದು ಅನ್ನಿಸೋದೇ ಇಲ್ಲ. ಹಾಗಾಗಿ ಸುರಕ್ಷಿತ, ಅಸುರಕ್ಷಿತ ಅನ್ನಿ, ನಿಯಮವನ್ನ ಭಾವನೆಗೆ ಕಟ್ಟಬೇಡಿ. ಒಳ ಉಡುಪು ಮುಚ್ಚೋ ಜಾಗವನ್ನ ಯಾರೂ ನೋಡೋ, ಮುಟ್ಟೋ ಹಾಗಿಲ್ಲ. ತೊಳೆಯೋಕೆ ಅಪ್ಪ ಅಮ್ಮ, ಪರೀಕ್ಷೆಗೆ ವೈದ್ಯರು, ಅದೂ ಮನೆಯವರ ಎದುರಿಗೆ. ಮುಟ್ಟಿದ್ದನ್ನ ಗುಟ್ಟಾಗಿಡು ಅಂತ ಯಾರು ಹೇಳಿದರೂ ಆ ಗುಟ್ಟನ್ನ ಒಡೀಬೇಕು. ಅಂಗಗಳಿಗೆ ಸರಿಯಾದ ಹೆಸರು ಕಲಿಸಿ, "ಶೇಮ್ ಶೇಮ್" ಅಂತ ಕರೆದರೆ ಮಗು ದೂರು ಹೇಳೋಕೂ ಪದ ಇರಲ್ಲ.

ಕಾನೂನು ಕೇಳೋರಿಗೆ: 2012ರ ಪೋಕ್ಸೋ, ಅಂದರೆ ಮಕ್ಕಳನ್ನ ಲೈಂಗಿಕ ಅಪರಾಧಗಳಿಂದ ಕಾಪಾಡೋ ಕಾಯ್ದೆ. ಬಟ್ಟೆಯ ಮೇಲಿಂದ ಮುಟ್ಟಿದರೆ ಈ ಕಾಯ್ದೆಯ ಲೈಂಗಿಕ ಹಲ್ಲೆ ಆಗಲ್ಲ, ಚರ್ಮಕ್ಕೆ ಚರ್ಮ ತಾಗಬೇಕು ಅನ್ನೋ ಹೈಕೋರ್ಟ್ ತೀರ್ಪೊಂದನ್ನ ಸುಪ್ರೀಂ ಕೋರ್ಟ್ 18 ನವೆಂಬರ್ 2021ರಂದು ಹೊಡೆದುಹಾಕಿತು, ಮುಖ್ಯ ಲೈಂಗಿಕ ಉದ್ದೇಶ ಅಂತು. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.

ಮತ್ತೆ, ಕಚಗುಳಿ ಇಟ್ಟಾಗ ಬರೋ ನಗು ಒಪ್ಪಿಗೆ ಅಲ್ಲ. ಎರಡೂ ಕೈ ಪೂರ್ತಿ ಎತ್ತಿ ಮೂರು ಸೆಕೆಂಡ್ ನಿಲ್ಲಿಸಿ. ಮಗು ತಾನೇ ಹೊಟ್ಟೆ ಮುಂದೆ ಮಾಡಿ ಬಂದರೆ ಮುಂದುವರಿಸಿ. ದೂರ ಸರಿದು ಉಸಿರು ಬಿಟ್ಟರೆ ಆಟ ಮುಗಿಯಿತು.

ಧಾರವಾಡ_ಪೇಢೆ

ಇದು ಖರೇ. ಆದ್ರ ಊರಾಗಿನ ಹಿರ್ಯಾರಿಗೆ ಹೆಂಗ ಹೇಳೂದ್ರಿ? ಅಜ್ಜಿ "ಬಾ, ಮುದ್ದು ಕೊಡು" ಅಂದಾಗ ಕೂಸು ಒಲ್ಲೆ ಅಂದ್ರ ಮನಿತುಂಬ ಮುಖ ಉಬ್ಬಿಸ್ತಾರ. "ನಿಮ್ಮನ್ನ ಅಪ್ಪಿಕೊಳ್ಳಬಹುದೇ" ಅಂತ ಕೂಸಿಗೆ ಕೇಳ್ರಿ ಅಂದ್ರ ನಾಟಕದ ಮಾತು ಆಗ್ತದ.

ಶಾಲೆಗಂಟೆ

ಹಾಗೆ ಕೇಳೋದು ಬೇಡ, ನಮ್ಮ ಮಾತಲ್ಲೇ ಇದೆ. "ಬಾ ಇಲ್ಲಿ" ಅನ್ನೋದರ ಬದಲು "ಬರ್ತೀಯಾ?" ಅಂದು ಎರಡು ಕೈ ಚಾಚಿ, ಚಾಚಿದ ಕೈ ಅಲ್ಲೇ ನಿಲ್ಲಿಸೋದು. ಮಗು ಬಾರದಿದ್ದರೆ ಅಪ್ಪ ಅಮ್ಮ ಪಕ್ಕದಿಂದ ದೂಡಬಾರದು, "ಅಜ್ಜಿಗೆ ಕೈ ಕೊಡ್ತೀಯಾ, ನಮಸ್ಕಾರ ಮಾಡ್ತೀಯಾ, ಟಾಟಾ ಮಾಡ್ತೀಯಾ?" ಅಂತ ಮೂರರಲ್ಲಿ ಒಂದು ಆಯ್ದುಕೊಳ್ಳೋಕೆ ಬಿಡಬೇಕು. ಅಜ್ಜಿಗೆ ಗೌರವ ಸಿಕ್ಕಿತು, ಮಗುವಿನ ಕೆನ್ನೆ ಮಗುವಿನದ್ದೇ ಆಗಿ ಉಳಿಯಿತು.

ಧಾರವಾಡ_ಪೇಢೆ

"ಬರ್ತೀ ಏನು?" ಅಂದು ಎಷ್ಟೊತ್ತು ಕಾಯೂದ್ರಿ? ಕೈ ನೋಯಾಕ ಹತ್ತತಾವ.

ಉಯ್ಯಾಲೆ

ಮನಸ್ಸಿನಲ್ಲೇ ಐದು ಎಣಿಸಿ. ಮಾತು ನಿಧಾನ ಇರೋ ಮಗುವಾದರೆ ಹತ್ತು. ನಡುವೆ ಮತ್ತೆ ಕರೀಬೇಡಿ, ಕರೆದರೆ ಅದು ಮೊದಲಿಂದ ಅರ್ಥ ಮಾಡ್ಕೋಬೇಕಾಗುತ್ತೆ. ಕೈ ನೋಯ್ತಾ ಇದ್ದರೆ ತೊಡೆ ಮೇಲೆ ಅಂಗೈ ಮೇಲ್ಮುಖ ಮಾಡಿ ಇಟ್ಟುಕೊಂಡು ಕೂತ್ಕೊಳ್ಳಿ, ಅದೂ ಕರೆದಂಗೇ.